ವಕೀಲರಿಲ್ಲದ ತಾರವ್ವ

ಕರೋಶಿಯ ತಾರವ್ವನಿಗೆ ಒಂದು ಮಾತು ಕೇಳಿದರೆ, ಉತ್ತರ ಬರುವಷ್ಟರಲ್ಲಿ ಕೇಳಿದವರು ತಾವು ಕೇಳಿದ್ದೇನೆಂಬುದನ್ನೇ ಮರೆತಿರುತ್ತಿದ್ದರು. ಆಕೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಬುದ್ಧಿಯೂ ಚುರುಕಾಗಿಯೇ ಇತ್ತು. ಆದರೆ ಪ್ರಶ್ನೆ ಬಂದೊಡನೆ ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಕಣ್ಣನ್ನು ಎದುರಿನವರ ಮುಖದಿಂದ ತೆಗೆದು ಅವರ ತಲೆಯ ಮೇಲಿನ ಜಂತಿಗೋ, ಜಂತಿಯಿಲ್ಲದ ಕಡೆ ಆಕಾಶಕ್ಕೋ ನೆಟ್ಟು, ಮೊರದಲ್ಲಿ ಜೋಳ ಕೇರುವವಳ ಹಾಗೆ ಆ ಮಾತನ್ನು ಒಳಗೊಳಗೇ ಕೇರಿ, ಹೊಟ್ಟೆಲ್ಲ ಹಾರಿಹೋದ ಮೇಲೆ ಉಳಿದಷ್ಟನ್ನು ಮಾತ್ರ ಬಾಯಿಂದ ಬಿಡುತ್ತಿದ್ದಳು. ಬಸ್ಸಿನ ಕಂಡಕ್ಟರನು ‘ಎಲ್ಲಿಗಿ ಬೇ?’ ಎಂದು ಕೇಳಿ, ಹಿಂದಿನ ಸೀಟಿನವರೆಗೆ ಚೀಟಿ ಹರಿದು ತಿರುಗಿ ಬರುವ ಹೊತ್ತಿಗೆ ‘ಚಿಕ್ಕೋಡಿಗಿ’ ಎಂಬ ಉತ್ತರ ಅವನಿಗೆ ಸಿಕ್ಕುತ್ತಿತ್ತು; ಆ ಬಸ್ಸು ಚಿಕ್ಕೋಡಿಯ ಹೊರತು ಮತ್ತೆಲ್ಲಿಗೂ ಹೋಗುತ್ತಿರಲಿಲ್ಲವೆಂಬುದು ಬೇರೆ ಮಾತು.

ಎಳವೆಯಲ್ಲಿ ಕಬ್ಬಿನ ಕೂಳೆ ಬಲಗಾಲಿಗೆ ನೆಟ್ಟು ಅಂಗಾಲು ಸೊಟ್ಟಗಾಗಿದ್ದರಿಂದ ಆಕೆ ನಡೆಯುವಾಗ ಒಂದು ಹೆಜ್ಜೆ ಗಟ್ಟಿಯಾಗಿಯೂ ಒಂದು ಹೆಜ್ಜೆ ಹಗುರಾಗಿಯೂ ಬೀಳುತ್ತಿತ್ತು. ಓಣಿಯಲ್ಲಿ ಕಣ್ಣು ಮುಚ್ಚಿ ಕುಳಿತವರೂ ಆ ಸಪ್ಪಳ ಕೇಳಿ ‘ತಾರವ್ವ ಹೊಂಟಾಳ’ ಎನ್ನುತ್ತಿದ್ದರು. ಬಸ್ಸಿನಲ್ಲಿ ಜಾಗವಿದ್ದರೂ ಕೂಡುತ್ತಿರಲಿಲ್ಲ. ‘ಕುಂತ್ರ ನಿದ್ದಿ ಬರತೈತಿ, ನಿದ್ದಿ ಬಂದ್ರ ಊರು ತಪ್ಪತೈತಿ’ ಎಂಬುದು ಆಕೆಯ ಸಮಾಧಾನ. ಮೈಮೇಲೆ ಇಳಕಲ್ಲ ಸೀರೆ, ಅದರ ಮೇಲೆ ಚಳಿಯಿರಲಿ ಬಿಸಿಲಿರಲಿ ತೀರಿಹೋದ ತಂದೆ ಮುರಗೆಪ್ಪನ ಉಣ್ಣೆಯ ಕೋಟು. ಒಂದು ಕಾಲಕ್ಕೆ ಕಪ್ಪಾಗಿದ್ದ ಅದು ಈಗ ನಿಪ್ಪಾಣಿಯ ತಂಬಾಕಿನ ಬಣ್ಣಕ್ಕೆ ಬಂದಿತ್ತು. ಆ ಕೋಟಿನ ಜೇಬಿನಲ್ಲಿ ಯಾವಾಗಲೂ ಎರಡು ತುಂಡು ಬೆಲ್ಲ. ಯಾರಾದರೂ ಸಿಟ್ಟಿನಿಂದ ಮಾತಾಡಲು ಬಂದರೆ ಮೊದಲು ಒಂದು ತುಂಡು ಕೈಗಿಡುತ್ತಿದ್ದಳು. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಬೈಯುವುದು ಎಷ್ಟು ಕಷ್ಟವೆಂಬುದು ನಮ್ಮ ಓಣಿಯ ಬಹಳ ಮಂದಿಗೆ ಗೊತ್ತಿದೆ.

ಮುರಗೆಪ್ಪನಿಗೆ ಆಕೆ ಒಬ್ಬಳೇ ಮಗಳು. ರಾಯಬಾಗದ ಕಡೆಯ ಒಂದು ತೋಟದ ಮನೆಗೆ ಕೊಟ್ಟಿದ್ದರು. ಗಂಡ ಲಗಮಣ್ಣ ನೋಡಲು ಲಕ್ಷಣವಂತ. ಇಸ್ತ್ರಿ ಮಾಡಿದ ಪೈಜಾಮ, ಕಿವಿಯ ಸಂದಿಯಲ್ಲಿ ಅತ್ತರಿನ ಹತ್ತಿ, ತನ್ನ ಮನೆತನದ ಮಾತು ಬಂದರೆ ನಿಲ್ಲಿಸಲಾರದ ಬಾಯಿ. ಮಕ್ಕಳಾಗಲಿಲ್ಲವೆಂಬ ನೆವ ಹಿಡಿದು ಅವನು ಒಂದು ದಿನ ಇನ್ನೊಬ್ಬಳನ್ನು ಮನೆಗೆ ತಂದ. ತಾರವ್ವ ಆಕೆಗೆ ಒಲೆ ತೋರಿಸಿದಳು, ನೀರಿನ ಹಂಡೆ ತೋರಿಸಿದಳು, ಯಾವ ಎಮ್ಮೆ ಒದೆಯುತ್ತದೆಂದು ಹೇಳಿದಳು, ಟ್ರಂಕು ಹೊತ್ತು ಬಸ್ಸಿಗೆ ನಿಂತಳು. ತವರಿಗೆ ಬಂದು ಯಾರ ಮುಂದೆಯೂ ಅಳಲಿಲ್ಲ. ‘ಅಲ್ಲಿ ಒಬ್ಬಾಕಿ ಅದಾಳ, ಇಲ್ಲಿ ಅಪ್ಪ ಒಬ್ಬನ ಅದಾನ’ ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗಿದಳು.

ತಂದೆ ತೀರಿದ ಮೇಲೆ ಬಾವಿಯೊಂದಿಗೆ ಕಬ್ಬಿನ ಹೊಲ ಆಕೆಗೆ ಬಂತು. ಹೊಲದ ಹಿಂದೆಯೇ ಲಗಮಣ್ಣನೂ ಬಂದ. ಕಬ್ಬು ಕಡಿಯುವ ಕಾಲಕ್ಕೆ ಸರಿಯಾಗಿ ಟ್ರ್ಯಾಕ್ಟರು, ಮರಾಠಿ ಸೀಮೆಯ ಕಡಿಯುವ ಆಳುಗಳ ಟೋಳಿ ಸಮೇತ ಹೊಲಕ್ಕಿಳಿದು, ಆಕೆ ವರ್ಷವಿಡೀ ನೀರು ಹಾಯಿಸಿ ಬೆಳೆಸಿದ ಕಬ್ಬನ್ನು ತನ್ನ ಹೆಸರಿನಲ್ಲಿ ಕಾರ್ಖಾನೆಗೆ ಹೇರಿಕೊಂಡು ಹೋದ. ಮರುಸುಗ್ಗಿಗೂ ಹಾಗೆಯೇ ಮಾಡಿದ. ಬದುವಿನ ಮೇಲೆ ಕೋಟು ಹಾಕಿಕೊಂಡು ನಿಂತ ತಾರವ್ವ ಊರ ಹಿರಿಯ ವಿರುಪಾಕ್ಷಪ್ಪನನ್ನು ಕರೆಸಿದಳು. ಆತ ಬಂದ, ನೋಡಿದ, ರುಮಾಲು ಸರಿಮಾಡಿಕೊಂಡ.

‘ಗಂಡ ಬಂದು ಹೆಂಡತಿ ಹೊಲದಾಗಿನ ಕಬ್ಬು ಕಡದ್ರ ನಾವು ಏನಂತ ತಡ್ಯೂದು, ತಾರವ್ವ? ನಾಳೆ ನೀವಿಬ್ಬರೂ ಒಂದಾಗ್ತೀರಿ, ನಡುವ ಕೆಟ್ಟಾವ್ರು ನಾವ ಆಗ್ತೀವಿ.’

ಆ ಮಾತನ್ನು ಆಕೆ ಬಹಳ ಹೊತ್ತು ಕೇರಿದಳೆಂದು ತೋರುತ್ತದೆ. ಟ್ರ್ಯಾಕ್ಟರು ಹೋಗಿ ಧೂಳು ಇಳಿದ ಮೇಲೆ, ‘ಹಂಗಾದ್ರ ಅವ್ರು ಗಂಡ ಅನ್ನೂದ ತಗೀಬೇಕಾತು’ ಎಂದಳು. ತಗಾದೆ ಹೊಲದ್ದಲ್ಲ, ಸಂಬಂಧದ್ದು ಎಂದು ಆ ಸಂಜೆಯೇ ಆಕೆಗೆ ಖಚಿತವಾಗಿತ್ತು. ಮುಂದಿನ ಸುಗ್ಗಿ ಬರುವುದರೊಳಗೆ ಆ ಸಂಬಂಧ ಹರಿಯದಿದ್ದರೆ ಅಪ್ಪನ ಹೊಲದಲ್ಲಿ ಆಕೆ ಸಾಯುವವರೆಗೂ ಅವನ ಕೂಲಿಯಾಳು.

ನಮ್ಮ ಕಡೆಗೆ ಪಂಚರ ಮುಂದೆ ಸೋಡಚಿಟ್ಟಿ ಬರೆದುಕೊಟ್ಟು ಗಂಡಹೆಂಡಿರು ಬೇರೆಯಾಗುವ ರೂಢಿ ಹಿಂದಿನಿಂದಲೂ ಇದೆ. ಪಂಚರು ಕೂಡಿದರು. ಆದರೆ ಸೋಡಚಿಟ್ಟಿ ಕೊಡಬೇಕಾದವನು ಗಂಡ. ಲಗಮಣ್ಣನು ಕಟ್ಟೆಯ ಮೇಲೆ ಕಾಲಮೇಲೆ ಕಾಲು ಹಾಕಿ ಕುಳಿತು, ‘ನಮ್ಮ ಮನೆತನದಾಗ ಕಟಗೊಂಡಾಕಿನ್ನ ಬಿಟ್ಟ ಚಾಲ ಇಲ್ಲ. ನಾ ಇಕಿನ್ನ ಬಿಡಂಗಿಲ್ಲ’ ಎಂದ.

‘ಮನಿಗಿ ಕರ್ಕೊಂಡ ಹೋಗ್ತೀ ಏನ?’ ಎಂದು ವಿರುಪಾಕ್ಷಪ್ಪ ಕೇಳಿದ.

‘ಮನ್ಯಾಗ ಜಾಗಾ ಎಲ್ಲೈತ್ರಿ.’

ಪಂಚರು ಎದ್ದು ಧೋತರ ಕೊಡವಿಕೊಂಡರು.

ಹಾಗೆ ಆಕೆ ಚಿಕ್ಕೋಡಿಯ ಕೋರ್ಟಿನ ಹಾದಿ ಹಿಡಿದದ್ದು. ನೆರೆಮನೆಯ ಸುಂದರಾ ಜತೆಗೆ ಹೋಗಿದ್ದಳು. ಈ ಸುಂದರಾ ತಾರವ್ವನಿಗಿಂತ ಹತ್ತು ಪಾಲು ಮಾತಾಡುವವಳು, ಆದ್ದರಿಂದಲೇ ಇಬ್ಬರಿಗೂ ಹೊಂದಿಕೆ. ಮೊದಲು ಕಂಡ ವಕೀಲರು ಕುರ್ಚಿ ಕೊಟ್ಟು, ಕನ್ನಡಕ ಒರೆಸಿಕೊಂಡು, ತಮ್ಮ ಫೀ ಹೇಳಿದರು. ಹಾಲು ಕೊಡುತ್ತಿರುವ ಒಂದು ಎಮ್ಮೆ, ಅದರ ಕರು ಎರಡನ್ನೂ ಮಾರಿದರೂ ತುಂಬದಷ್ಟು. ತಾರವ್ವ ಸೊಂಟದ ಮೇಲೆ ಕೈಯಿಟ್ಟು ಅವರ ಮನೆಯ ಪಂಖವನ್ನು ನೋಡುತ್ತ ನಿಂತಳು. ಕೊನೆಗೆ, ‘ನನ್ನ ಗಂಡನ ಸುದ್ದಿ ಹೇಳಾಕ ಇನ್ನೊಬ್ಬ ಗಂಡಸಿಗಿ ರೊಕ್ಕ ಯಾಕ ಕೊಡ್ಲಿರಿ? ನೀವರೆ ಅಲ್ಲಿ ಬಾಳೇವು ಮಾಡೀರೇನು?’ ಎಂದು ಬಹಳ ಮರ್ಯಾದೆಯಿಂದ ಕೇಳಿ, ಮೇಜಿನ ಮೇಲೆ ಒಂದು ತುಂಡು ಬೆಲ್ಲ ಇಟ್ಟು ಹೊರಬಂದಳು.

ಕೋರ್ಟಿನ ಎದುರಿನ ಹುಣಸೆಮರದ ಕೆಳಗೆ ಅರ್ಜಿ ಟೈಪು ಮಾಡಿಕೊಡುವ ಭೂಪಾಲನೆಂಬ ಜೈನರವನಿದ್ದ. ಅವನು ಹೇಳಿದ: ‘ನಿಮ್ಮ ಕೇಸು ನೀವ ನಡಸಬಹುದ್ರಿ ಅಕ್ಕಾ, ಯಾರೂ ಬ್ಯಾಡ ಅನ್ನೂದಿಲ್ಲ. ಆದ್ರ ಒಂದು. ಕಟಕಟ್ಯಾಗ ನಿಂತು ಎಲ್ಲಾ ನೀವ ನಿಮ್ಮ ಬಾಯಿಲೆ ಹೇಳಬೇಕು.’

‘ಹೇಳೂದಕ್ಕ ಏನೈತಿ’ ಎಂದಳು ತಾರವ್ವ. ‘ಅನುಭೋಗಿಸಿದಾಕಿ ನಾನ.’

ಅರ್ಜಿ ಟೈಪಾಯಿತು. ಭೂಪಾಲ ಎದುರುದಾರನ ಹೆಸರು ಕೇಳಿದಾಗ ತಾರವ್ವ ಸುಂದರಾಳ ಕಡೆ ನೋಡಿದಳು, ಸುಂದರಾ ‘ಲಗಮಣ್ಣ’ ಎಂದಳು, ಭೂಪಾಲ ಬಡಿದ. ಇದರಲ್ಲಿ ವಿಶೇಷವೇನೂ ಯಾರಿಗೂ ಕಾಣಲಿಲ್ಲ. ಹೆಂಗಸು ಗಂಡನ ಹೆಸರು ಹೇಳಬಾರದೆಂಬುದು ನಮ್ಮಲ್ಲಿ ಉಸಿರಾಟದಷ್ಟು ಸಹಜ. ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ. ತಾರವ್ವನಂತೂ ಆ ಹೆಸರಿನ ನೆರಳನ್ನೂ ತುಳಿಯುತ್ತಿರಲಿಲ್ಲ. ಹಳ್ಳದ ದಂಡೆಯ ದೇವತೆ ಲಗಮವ್ವನಿಗೆ ಕಾಯಿ ಒಡೆಸುವಾಗಲೂ ‘ಹಳ್ಳದವ್ವಾ, ತಾಯಿ’ ಎಂದೇ ಕೈಮುಗಿಯುತ್ತಿದ್ದಳು, ದೇವರ ಹೆಸರಿನಲ್ಲಿ ಗಂಡನ ಹೆಸರು ಸುಳಿದೀತೆಂದು.

ಲಗಮಣ್ಣ ವಕೀಲರನ್ನಿಟ್ಟ. ತಾರೀಖುಗಳು ಬಂದವು, ಹೋದವು. ತಾರೀಖಿನ ದಿನ ಆಕೆ ಮೊದಲ ಬಸ್ಸಿಗೇ ಹೋಗಿ ಕೋರ್ಟಿನ ಹಿಂದಿನ ಬಾಕಿನ ಪಕ್ಕದಲ್ಲಿ ನಿಂತು, ಅಥಣಿಯವರ ಬದುವಿನ ಜಗಳ, ಕಾಗವಾಡದವರ ಬಾವಿಯ ಜಗಳ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಆಕೆಯನ್ನೇ ಕರೆದರು. ಕೋಟಿನ ಗುಂಡಿ ಹಾಕಿಕೊಂಡು, ಒಂದು ಹೆಜ್ಜೆ ಗಟ್ಟಿ ಒಂದು ಹೆಜ್ಜೆ ಹಗುರ ಇಡುತ್ತ ಕಟಕಟೆ ಹತ್ತಿದಳು. ನ್ಯಾಯಾಧೀಶರು ಮೈಸೂರು ಸೀಮೆಯ ಕಡೆಯವರು, ಮೆತ್ತನೆಯ ಮಾತಿನವರು.

‘ನಿಮ್ಮ ಹೆಸರು ಹೇಳಿ.’

‘ತಾರವ್ವ.’

‘ನಿಮ್ಮ ಗಂಡನ ಹೆಸರೇನಮ್ಮ?’

ತಾರವ್ವನ ಕೈ ಸೊಂಟಕ್ಕೆ ಹೋಯಿತು, ಕಣ್ಣು ಜಂತಿಗೆ ಹೋಯಿತು. ಆಕೆಯನ್ನು ಬಲ್ಲವರು ಎಂದಿನಂತೆ ಕಾದರು. ನ್ಯಾಯಾಧೀಶರು ಮತ್ತೊಮ್ಮೆ ಕೇಳಿದರು. ಆಕೆಯ ಹಣೆಯ ಮೇಲೆ ಬೆವರು ಮೂಡಿದಾಗಲೇ ಇದು ಎಂದಿನ ಮೌನವಲ್ಲವೆಂದು ಸುಂದರಾಳಿಗೆ ತಿಳಿದದ್ದು; ಹಿಂದಿನಿಂದ ‘ಲಗಮಣ್ಣ ಅಂತ್ರಿ ಸಾಹೇಬ್ರ’ ಎಂದು ಕೂಗಿಬಿಟ್ಟಳು. ಜವಾನ ಆಕೆಯನ್ನು ಗದರಿಸಿದ. ಗುಮಾಸ್ತನು ಮೈಸೂರಿನವರ ಕಿವಿಯಲ್ಲಿ ಈ ಕಡೆಯ ರೂಢಿಯನ್ನು ವಿವರಿಸಿದ. ಅವರು, ‘ಹೆಸರನ್ನು ನಾವೇ ಓದೋಣ, ಈಕೆ ಹೌದು ಅಂದರೆ ಸಾಕು’ ಎನ್ನುವಷ್ಟರಲ್ಲಿ ಲಗಮಣ್ಣನ ವಕೀಲರು ಎದ್ದರು.

ಆ ವಕೀಲರು ಜಾಣರು. ಹೆಸರಿಗಾಗಿ ಹಟ ಹಿಡಿಯದೆ ಮೌನವನ್ನೇ ಎತ್ತಿ ಹಿಡಿದರು. ‘ಮಹಾಸ್ವಾಮಿ, ಅರ್ಜಿಯಲ್ಲಿ ಏನಿದೆ? ಗಂಡ ತ್ಯಜಿಸಿದ್ದಾನೆ, ಸಂಬಂಧ ಸತ್ತಿದೆ ಎಂದಿದೆ. ಕಟಕಟೆಯಲ್ಲಿ ಏನಿದೆ? ಇಂದಿಗೂ ಗಂಡನ ಆಯುಷ್ಯಕ್ಕೆ ಕುಂದು ಬರಬಾರದೆಂದು ನಾಲಿಗೆ ಕಚ್ಚಿ ನಿಂತಿರುವ ಸತಿ. ಈಕೆಯ ಹೃದಯದಲ್ಲಿ ದಾಂಪತ್ಯ ಜೀವಂತವಾಗಿದೆ. ಯಾರೋ ಊರಿನವರು ಕಿವಿ ಊದಿ ಕಳಿಸಿದ್ದಾರೆ.’

ಕೋರ್ಟಿನಲ್ಲಿದ್ದವರೆಲ್ಲ ತಲೆದೂಗಿದರು. ನ್ಯಾಯಾಧೀಶರಿಗೂ ಒಂದು ಗಳಿಗೆ ಮನಸ್ಸು ತೊನೆಯಿತು. ‘ಯೋಚನೆ ಮಾಡಮ್ಮ, ಒಂದಾಗಿ ಬಾಳುವುದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ’ ಎಂದು ಮುಂದಿನ ತಾರೀಖು ಕೊಟ್ಟರು. ಆಕೆಯ ಪರವಾಗಿ ವಕೀಲರಿದ್ದಿದ್ದರೆ ‘ಇಂಥವರು ನಿಮ್ಮ ಗಂಡ, ಹೌದಲ್ಲವೋ’ ಎಂದು ತಾವೇ ಕೇಳಿ, ಆಕೆ ತಲೆಯಾಡಿಸಿ, ಗಳಿಗೆಯಲ್ಲಿ ಮುಗಿಯುತ್ತಿದ್ದ ಕೆಲಸ. ವರಾಂಡದಲ್ಲಿ ಲಗಮಣ್ಣನು ಅತ್ತರಿನ ಹತ್ತಿ ತಿದ್ದಿಕೊಳ್ಳುತ್ತ, ‘ನನ್ನ ಹೆಸರು ಹೇಳಾಕ ಎದಿ ಬೇಕ ಬೇ. ಸುಗ್ಗಿಗಿ ಬರ್ತೀನಿ, ನೀರು ಚೊಲೋ ಹಾಯಿಸು’ ಎಂದು ಹೋದ.

ಆ ವಾರ ನಮ್ಮ ಓಣಿಯ ಕಟ್ಟೆಯ ಮೇಲೆ ಬೇರೆ ಮಾತಿರಲಿಲ್ಲ.

‘ಒಡಪು ಕಟ್ಟಿ ಹೇಳಲಾ’ ಎಂದಳು ಸುಂದರಾ. ‘ಲಗ್ನದಾಗ ಹೇಳಿದಂಗ. ಹಾಲು ಮೊಸರು, ತುಪ್ಪ ಹಸರು ಅಂತ ಏನರೆ ಹೆಣದು ನಡುವ ಹೆಸರು ಸೇರಿಸಿಬಿಡು. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ.’

‘ಬಿಡಾಕ ಹೋದಲ್ಲಿ ಒಡಪು ಹಾಕಿದ್ರ ಸಾಹೇಬ್ರು ಮತ್ತ ಲಗ್ನ ಮಾಡಿ ಕಳಸ್ತಾರ’ ಎಂದು ಇನ್ನೊಬ್ಬಳು ನಕ್ಕಳು.

ಎಲ್ಲರಿಗಿಂತ ಹಿರಿಯಳಾದ ಲಕ್ಕವ್ವ ಮಾತ್ರ ನಗಲಿಲ್ಲ. ‘ಹೆಸರು ತಗೀಬ್ಯಾಡ ತಾರಿ. ಅಂವಾ ಎಂಥಾವನರೆ ಇರ್ಲಿ, ಒಂದ ಜೀವ. ಅವನಿಗಿ ಏನರೆ ಆದ್ರ ಪಾಪ ನಿನ್ನ ನಾಲಗಿ ಮ್ಯಾಲ.’

ತಾರವ್ವನನ್ನು ತಡೆದದ್ದೂ ಅದೇ. ನಾಚಿಕೆಯಿಂದಲ್ಲ, ಲಗಮಣ್ಣನ ಮೇಲಿನ ಮೋಹದಿಂದಲೂ ಅಲ್ಲ. ಅವನು ಸತ್ತುಹೋದಾನೆಂಬ ನಿಜವಾದ ಅಂಜಿಕೆಯಿಂದ. ‘ಅವ್ರು ಸಾಯಬಾರದು’ ಎಂದು ಆಕೆ ಹೇಳಿದಳು. ‘ಸತ್ರ ನಾ ಅವರ ಹೆಂಡತಿಯಾಗೇ ಉಳಿತೀನಿ. ಅವ್ರು ಗಟ್ಟಿಮುಟ್ಟಾಗಿ ಬದುಕಿ, ನನಗ ಯಾರೂ ಅಲ್ಲದಂಗ ಉಳೀಬೇಕು.’

ಕೇಳಿದವರಿಗೆ ನಗೆ ಬಂತು, ಆದರೆ ಆಕೆ ನಗಿಸಲು ಹೇಳಿದ್ದಲ್ಲ. ಮುಂದಿನ ಕೆಲವು ದಿನ ಆಕೆ ಹೊಲದ ಬಾವಿಯ ದಂಡೆಯಲ್ಲಿ ಒಬ್ಬಳೇ ಕೂಡುತ್ತಿದ್ದಳು. ಆ ಹೆಸರಿನ ಮೊದಲ ಅಕ್ಷರ ಬರುವುದು, ಕೆಮ್ಮು ಬರುವುದು, ಎದ್ದು ಕಬ್ಬಿಗೆ ನೀರು ತಿರುಗಿಸುವುದು. ಪಂಪಿನ ಸದ್ದು ಜೋರಾಗಿರುವಾಗ ತುಟಿ ಅಲುಗಿಸಿ ನೋಡಿದಳಂತೆ. ತನ್ನ ದನಿ ತನಗೇ ಕೇಳದಿದ್ದರೂ ಬಾಯಿಗೆ ಸೆರಗು ಮುಚ್ಚಿಕೊಂಡಳಂತೆ. ಒಂದು ಮಧ್ಯಾಹ್ನ ಸುಂದರಾ ರೊಟ್ಟಿ ಕೊಡಲು ಹೋದಾಗ ತಾರವ್ವ ಅದೇ ದಂಡೆಯ ಮೇಲೆ ಕುಳಿತಿದ್ದಳು, ಮುಖ ತಿಳಿಯಾಗಿತ್ತು.

‘ಸುಂದರಾ, ಆ ಇನ್ನೊಬ್ಬಾಕಿ ಅದಾಳಲ್ಲ, ಅಕಿ ಅವರ ಹೆಸರು ಹೇಳತಾಳೇನ?’

‘ಅಕಿ ಯಾಕ ಹೇಳ್ಯಾಳು? ಮನಿ ಹೊಕ್ಕ ದಿನದಿಂದ ಅಕೀನೂ ಹೇಳಾಂಗಿಲ್ಲ ಅಂತ. ಸಂತ್ಯಾಗ ಎಲ್ಲಾರೂ ಅಂತಾರ.’

‘ಹಂಗಾದ್ರ ಆತು’ ಎಂದು ತಾರವ್ವ ರೊಟ್ಟಿ ಮುರಿದಳು. ಅದಕ್ಕಿಂತ ಹೆಚ್ಚಿಗೆ ಒಂದು ಮಾತನ್ನೂ ಸುಂದರಾ ಆಕೆಯ ಬಾಯಿಂದ ಹೊರಡಿಸಲಾಗಲಿಲ್ಲ.

ಮುಂದಿನ ತಾರೀಖಿಗೆ ಕರೋಶಿಯ ಅರ್ಧ ಓಣಿ ಚಿಕ್ಕೋಡಿಗೆ ಹೋಗಿತ್ತು. ಲಕ್ಕವ್ವ ಕೂಡ, ಬೇಡಬೇಡವೆನ್ನುತ್ತಲೇ, ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಬಂದಿದ್ದಳು. ನ್ಯಾಯಾಧೀಶರು ಅದೇ ಪ್ರಶ್ನೆ ಕೇಳಿದರು. ತಾರವ್ವ ಕೈಯನ್ನು ಸೊಂಟಕ್ಕೆ ಕೊಡಲಿಲ್ಲ, ಜಂತಿಯನ್ನೂ ನೋಡಲಿಲ್ಲ. ಆಕೆಯ ಆಯುಷ್ಯದಲ್ಲಿ ಕೇಳಿದ ಕೂಡಲೇ ಉತ್ತರ ಕೊಟ್ಟದ್ದು ಅದೊಂದೇ ಸಲವಿರಬೇಕು.

‘ಲಗಮಣ್ಣ.’

ದನಿ ಎತ್ತರವಾಗಿರಲಿಲ್ಲ, ಆದರೂ ವರಾಂಡದವರೆಗೆ ಕೇಳಿಸಿತು. ಲಕ್ಕವ್ವ ಕಣ್ಣು ಮುಚ್ಚಿಕೊಂಡಳು. ಎದುರಿನ ವಕೀಲರು ಎದ್ದು, ‘ಕಳೆದ ತಾರೀಖಿನಲ್ಲಿ ಬಾರದ ಹೆಸರು ಇಂದು ಬಂತಲ್ಲ, ಯಾರಮ್ಮ ಕಲಿಸಿದವರು?’ ಎಂದರು.

‘ಯಾರೂ ಕಲಿಸಿಲ್ಲರಿ. ಹೆಸರು ಹೇಳದೆ ಅವರ ಆಯುಷ್ಯ ಕಾಯೂದು ಹೆಂಡತಿ ಕೆಲಸ. ಇಷ್ಟ ದಿನ ನಾ ಮಾಡೀನಿ. ಈಗ ಆ ಕೆಲಸಕ್ಕ ರಾಯಬಾಗದ ಮನ್ಯಾಗ ಇನ್ನೊಬ್ಬಾಕಿ ಅದಾಳ. ಇಬ್ಬರು ಕಾಯೂದು ಬ್ಯಾಡಂತ ನಾ ಬಿಟ್ಟೀನಿ.’

ವಕೀಲರು ನಗುತ್ತ, ‘ಇನ್ನೊಬ್ಬಾಕೆ ಎಂಬುದು ಕಟ್ಟುಕತೆ, ಮಹಾಸ್ವಾಮಿ; ಆ ಹೆಂಗಸು ಅಡಿಗೆಯವಳು’ ಎಂದು ಹೇಳಿ ಮುಗಿಸಿರಲಿಲ್ಲ, ಅವರ ಹಿಂದೆ ಲಗಮಣ್ಣ ಎದ್ದು ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಊರು ಪರವೂರಿನ ಮಂದಿಯ ನಡುವೆ ಹೆಂಡತಿಯ ಬಾಯಿಂದ ತನ್ನ ಹೆಸರು ಕೇಳುವುದೆಂದರೆ ಅವನ ಮಟ್ಟಿಗೆ ತಲೆಯ ರುಮಾಲನ್ನು ಎಳೆದು ನೆಲಕ್ಕೆ ಹಾಕಿದ ಹಾಗೆ; ಮೇಲಾಗಿ ಆಯುಷ್ಯದ ಭಯ ಅವನಿಗೂ ಇತ್ತು. ವಕೀಲರು ಅಂಗಿಯ ತೋಳು ಹಿಡಿದು ಜಗ್ಗಿದರೂ ಅವನು ಕೂಡಲಿಲ್ಲ.

‘ಸಂಸ್ಕಾರ ಇಲ್ಲದ ಹೆಂಗಸರಿ ಇದು, ಸಾಹೇಬ್ರ. ಮನ್ಯಾಗಿರೂ ನನ್ನ ಹೆಂಡತಿ ಐದಾರು ವರ್ಷ ಆತು, ಒಂದ ದಿನಾ, ನಿದ್ದಿಗಣ್ಣಾಗ ಸೈತ ನನ್ನ ಹೆಸರು ತಗೊಂಡಿಲ್ಲ. ಬೇಕಾದ್ರ ಕರದು ಕೇಳ್ರಿ.’

ವಕೀಲರು ತೋಳು ಬಿಟ್ಟು ಕುಳಿತರು, ತಮ್ಮ ಕಾಗದಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ನ್ಯಾಯಾಧೀಶರು ಅದೇ ಮೆತ್ತನೆಯ ದನಿಯಲ್ಲಿ, ‘ಮನೆಯಲ್ಲಿರುವ ಹೆಂಡತಿ ಎಂದಿರಲ್ಲ, ಅವರ ಹೆಸರೇನು?’ ಎಂದು ಕೇಳಿ ಪೆನ್ನು ಎತ್ತಿಕೊಂಡರು. ಮನೆತನದ ಮಾತಿಗೆ ನಿಂತವನು ಲಗಮಣ್ಣ; ಅದನ್ನೂ ಹೇಳಿದ. ಹಿಂದಿನ ಬಾಕಿನಿಂದ ಲಕ್ಕವ್ವ, ‘ಆತು ತಗೋ, ಒಡಪು ಅಂವನ ಹಾಕಿದ’ ಎಂದದ್ದು ಎಲ್ಲರಿಗೂ ಕೇಳಿಸಿತು. ಜವಾನನಿಗೂ ಈ ಸಲ ಗದರಿಸಲಾಗಲಿಲ್ಲ.

ಹುಕುಮು ಬರಲು ಇನ್ನಷ್ಟು ತಾರೀಖುಗಳೇ ಹಿಡಿದವು. ಆದರೆ ಸುಗ್ಗಿಗೆ ಮೊದಲೇ ಬಂತು. ಎಮ್ಮೆ, ಕರು ಎರಡೂ ಕೊಟ್ಟಿಗೆಯಲ್ಲೇ ಉಳಿದವು. ತಾರವ್ವ ಹುಕುಮಿನ ಕಾಗದವನ್ನು ಯಾರಿಗೂ ತೋರಿಸುತ್ತ ತಿರುಗಲಿಲ್ಲ. ಹಳ್ಳದ ದಂಡೆಗೆ ಹೋಗಿ, ‘ಲಗಮವ್ವಾ, ತಾಯಿ’ ಎಂದು ದೇವಿಯನ್ನು ಮೊದಲ ಸಲ ಹೆಸರು ಹಿಡಿದು ಕರೆದು ಕಾಯಿ ಒಡೆಸಿ ಬಂದಳು.

ಲಗಮಣ್ಣ ಹಟಕ್ಕೆ ಬಿದ್ದು ಆ ವರ್ಷವೂ ಟ್ರ್ಯಾಕ್ಟರು ತಂದ. ಬದುವಿನ ಮೇಲೆ ತಾರವ್ವ ನಿಂತಿದ್ದಳು, ಆದರೆ ಈ ಸಲ ಆಕೆಯ ಪಕ್ಕದಲ್ಲಿ ಕರೆಯದೆಯೇ ಬಂದ ವಿರುಪಾಕ್ಷಪ್ಪನೂ ಇದ್ದ.

‘ಯಾರ ಪೈಕಿರಿ ನೀವು? ಇಲ್ಲಿ ಯಾಕ ಬಂದ್ರಿ?’ ಎಂದು ವಿರುಪಾಕ್ಷಪ್ಪ ಗುರುತಿಲ್ಲದವರನ್ನು ಕೇಳುವ ಹಾಗೆ ಕೇಳಿದ.

‘ಏನ್ರಿ ಗೌಡ್ರ, ನಾ ಗೊತ್ತಿಲ್ಲೇನು?’

‘ಗೊತ್ತಿರೂ ಸಂಬಂಧ ಇತ್ತು. ಈಗ ಇಲ್ಲ ಅಂತ ಸರಕಾರ ಹೇಳೇತಿ.’

ಕಬ್ಬು ಕಡಿಯುವ ಕೊಯ್ತ ಹಿಡಿದು ನಿಂತಿದ್ದ ಮುಕಾದಮನು, ಟೋಳಿಯ ಮೇಸ್ತ್ರಿ, ಮರಾಠಿಯಲ್ಲಿ, ‘ಮಾವಶಿ, ಊಸ್ ಕುಣಾಚಾ?’ ಎಂದು, ಕಬ್ಬು ಯಾರದೆಂದು ನೇರವಾಗಿ ತಾರವ್ವನನ್ನೇ ಕೇಳಿದ. ಆಕೆ ಎಂದಿನ ಹಾಗೆ ಆಕಾಶ ನೋಡಿದಳು. ಟ್ರ್ಯಾಕ್ಟರು ಗುಡುಗುಡು ಎನ್ನುತ್ತಲೇ ಇತ್ತು. ಆಮೇಲೆ ‘ಮಾಝಾ’ ಎಂದಳು, ನನ್ನದು. ಮುಕಾದಮನು ತನ್ನವರಿಗೆ ಕೈಸನ್ನೆ ಮಾಡಿದ. ಕಡಿಯಲು ಬಗ್ಗಿದವರು ಎದ್ದರು. ಟ್ರ್ಯಾಕ್ಟರು ಖಾಲಿ ಟ್ರೇಲರಿನೊಡನೆ ಹೊರಳಿತು. ಆಕೆ ಲಗಮಣ್ಣನನ್ನು ಬೈಯಲಿಲ್ಲ, ಹೀಯಾಳಿಸಲಿಲ್ಲ. ಜೇಬಿನಿಂದ ಬೆಲ್ಲ ತೆಗೆದು ಮುಕಾದಮನಿಗೆ ಕೊಟ್ಟು ಕಬ್ಬು ಕಡಿಯಲು ಎಷ್ಟು ಕೇಳುತ್ತಾನೆಂದು ವಿಚಾರಿಸಿದಳು.

ಲಗಮಣ್ಣ ಇನ್ನೂ ಇದ್ದಾನೆ, ಕೂದಲು ಹಣ್ಣಾಗಿದ್ದರೂ ಆರೋಗ್ಯವಂತ. ಅವನ ಕ್ಷೇಮದ ಸುದ್ದಿ ಕಿವಿಗೆ ಬಿದ್ದಾಗಲೆಲ್ಲ ತಾರವ್ವನಿಗೆ ಪ್ರಾಮಾಣಿಕವಾಗಿ ಸಮಾಧಾನವಾಗುತ್ತಿತ್ತು. ಮುಂದೆ ತೊಂಬತ್ತನೆಯ ಇಸವಿಯ ಆಚೆಗೆ ಅಕ್ಕೋಳದಿಂದ, ರಾಯಬಾಗದಿಂದ, ದೂರದ ಕಾಗವಾಡದಿಂದ ಕೂಡ ಹೆಂಗಸರು ಆಕೆಯ ಮನೆ ಕೇಳಿಕೊಂಡು ಬರುತ್ತಿದ್ದರು. ಆಕೆ ಅವರಿಗೆ ಕಾಯಿದೆ ಹೇಳುತ್ತಿರಲಿಲ್ಲ. ಅದು ಆಕೆಗೆ ಗೊತ್ತೂ ಇರಲಿಲ್ಲ, ಅದಕ್ಕೆ ಭೂಪಾಲನ ಹುಣಸೆಮರ ತೋರಿಸುತ್ತಿದ್ದಳು. ಚಹಾ ಮಾಡಿ ಕೊಟ್ಟು, ಅವರ ಸುದ್ದಿಯನ್ನೆಲ್ಲ ತುದಿಯವರೆಗೆ ಕೇಳಿ, ‘ಒಂದಾಗೂದು ಸಾಧ್ಯ ಐತೇನ, ಮೊದಲ ಅದನ್ನ ನೋಡು’ ಎನ್ನುತ್ತಿದ್ದಳು. ಸಾಧ್ಯವಿಲ್ಲವೆಂದು ಖಾತ್ರಿಯಾದ ಮೇಲೆ, ‘ಹಂಗಾದ್ರ ಅವನ ಹೆಸರು ಹೇಳು ನೋಡೂನು’ ಎಂದು ಕಾಯುತ್ತ ಕೂಡುತ್ತಿದ್ದಳು. ಕೆಲವರು ಅತ್ತರು, ಕೆಲವರು ಸೆರಗು ಕಚ್ಚಿಕೊಂಡರು, ಒಬ್ಬಿಬ್ಬರು ಹೇಳಲಾರದೆ ಗಂಡನ ಮನೆಗೇ ತಿರುಗಿ ಹೋಗಿ ಸುಖವಾಗಿಯೂ ಇದ್ದಾರೆ. ಹೇಳಿದವರು ಚಿಕ್ಕೋಡಿಯ ಬಸ್ಸು ಹತ್ತಿದರು.

ಇಂಥ ಜೀವಗಳು ಯಾವುದನ್ನೂ ಸಿಟ್ಟಿನಲ್ಲಿ ಹರಿಯುವುದಿಲ್ಲ. ಹಿರಿಯರು ಹೊರಿಸಿದ ಕಟ್ಟಳೆಯನ್ನು, ಅದು ತಮ್ಮ ಪಾಲಿನದಾಗಿರುವಷ್ಟು ದಿನ, ಯಾರೂ ನೋಡದ ಕಡೆಯಲ್ಲೂ ನಿಷ್ಠೆಯಿಂದ ಹೊರುತ್ತಾರೆ; ಪಾಲು ಮುಗಿಯಿತೆಂದು ಒಳಗಿನ ನ್ಯಾಯ ಒಪ್ಪಿದ ದಿನ ಅದನ್ನು ಮೆಲ್ಲಗೆ ಕೆಳಗಿಳಿಸಿ, ಕತ್ತು ನೆಟ್ಟಗೆ ಮಾಡಿಕೊಂಡು ಮುಂದೆ ನಡೆಯುತ್ತಾರೆ. ಅವಸರದವರ ಕಣ್ಣಿಗೆ ಇವರು ಮಂದಗತಿಯವರು, ಅಂಜುಬುರುಕರು. ಆದರೆ ಒಮ್ಮೆ ಇಳಿಸಿದ ಹೊರೆಯನ್ನು ಇಂಥವರ ತಲೆಯ ಮೇಲೆ ಮತ್ತೆ ಹೊರಿಸಲು ಗಂಡನಿಂದಲೂ ಆಗದು, ಊರಿನಿಂದಲೂ ಆಗದು. ಏಕೆಂದರೆ ಅದನ್ನು ಇಳಿಸುವಾಗ ಅವರು ಯಾರ ಅಪ್ಪಣೆಯನ್ನೂ ಎರವಲು ತಂದಿರುವುದಿಲ್ಲ.